ಹಾಕದೆ ಬಿಟ್ಟ ಮೂರು ಪೆಟ್ಟು

ಮಕ್ಕಳು ಹುಟ್ಟಿರುವುದೇ ಬಡಿಯುವುದಕ್ಕೆ ಎಂಬುದು ಕಾಂತಾಮಣಿಯ ಸಿದ್ಧಾಂತ. ಬಡಿಯಲು ಏನಾದರೂ ಕೊಟ್ಟರೆ ಸರಿ. ಕೊಡದಿದ್ದರೆ ಪಕ್ಕದ ಮಗುವನ್ನೇ ಬಡಿಯುತ್ತವೆ. ಇದನ್ನು ಅವಳು ಯಾವ ಬಿ.ಎಡ್. ಓದಿಯೂ ಕಲಿತದ್ದಲ್ಲ. ದೋಹಾದ ಒಂದು ಇಂಡಿಯನ್ ಶಾಲೆಯ ಬಸ್ಸಿನಲ್ಲಿ ಆಯಾ ಕೆಲಸ ಮಾಡುತ್ತಾ, ವಾಂತಿ ಒರೆಸುತ್ತಾ, ಶೂ ಲೇಸು ಕಟ್ಟುತ್ತಾ, ಸಿಂಬಳ ತೆಗೆಯುತ್ತಾ ಕಲಿತದ್ದು.

ಆಕಾಶ ಇನ್ನೂ ಬೂದಿ ಬಣ್ಣದಲ್ಲಿರುವಾಗಲೇ ಅವಳು ಅಲ್ ಮುಂತಜಾದ ಹಳೇ ಕಟ್ಟಡದ ಮೆಟ್ಟಿಲಿಳಿದು ಬಸ್ಸು ಹತ್ತಬೇಕು. ಆಮೇಲೆ ಹತ್ತು, ಇಳಿ, ಎತ್ತು, ಕೂರಿಸು, ಬೆಲ್ಟು ಹಾಕು. ಒಂದನೇ ಕ್ಲಾಸಿನ ಮಗುವಿನ ಬ್ಯಾಗು ಮಗುವಿಗಿಂತ ಭಾರ. ಎರಡನ್ನೂ ಸೇರಿಸಿ ಎತ್ತಬೇಕು. ಸಂಜೆಯ ಹೊತ್ತಿಗೆ ಸೊಂಟ ಅವಳದಾಗಿ ಉಳಿದಿರುತ್ತಿರಲಿಲ್ಲ.

ಕಷ್ಟದ ಕೆಲಸ ಅದಲ್ಲ. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮಕ್ಕಳು ಬಸ್ಸಿನಲ್ಲಿ ನಿದ್ದೆ ಹೋಗುತ್ತವೆ. ಕೆಲವು ಸೀಟಿನ ಕೆಳಗೆ ಜಾರಿ ಬೆಕ್ಕಿನ ಮರಿಯ ಹಾಗೆ ಮುದುಡಿಕೊಳ್ಳುತ್ತವೆ. ಅದನ್ನು ನೋಡದೆ ಬಸ್ಸಿಗೆ ಬೀಗ ಹಾಕಿದರೆ ಖಲಾಸ್. ಆ ದೇಶದ ಬಿಸಿಲಿನಲ್ಲಿ ಮುಚ್ಚಿದ ಬಸ್ಸು ಎಂದರೆ ಒಲೆಯ ಮೇಲಿಟ್ಟ ಕುಕ್ಕರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಾಂತಾಮಣಿಗೆ ಅದೇ ಕನಸು. ಬೆವೆತು ಎದ್ದು ಕೂರುತ್ತಿದ್ದಳು.

ಅದಕ್ಕೆ ಅವಳು ಒಂದು ಆಟ ಹೂಡಿದಳು. ಡ್ರೈವರ್ ಪಕ್ಕದ ಕಬ್ಬಿಣದ ಕಂಬಕ್ಕೆ ಅವಳು ಬಳೆಯಿಂದ ತಾಳ ಹಾಕುವುದು. ಒಂದೊಂದೇ ಸೀಟಿನ ಮಕ್ಕಳು ಮುಂದಿನ ಸೀಟಿನ ಬೆನ್ನಿಗೆ ಬಡಿದು ಅದೇ ತಾಳದಲ್ಲಿ ಉತ್ತರ ಕೊಡುವುದು. ಸದ್ದು ಬರದ ಸೀಟಿನಲ್ಲಿ ಮಗು ಮಲಗಿದೆ ಎಂದರ್ಥ. ಆಟ ಮುಗಿಯಿತು ಎನ್ನಲು ಅವಳು ಕಂಬಕ್ಕೆ ಬಿಗಿಯಾಗಿ ಮೂರು ಪೆಟ್ಟು ಹಾಕುತ್ತಾಳೆ. ಆ ಮೂರು ಪೆಟ್ಟು ಬೀಳುವ ತನಕ ಯಾರೂ ನಿಲ್ಲಿಸುವಂತಿಲ್ಲ. ಅದು ಅವಳ ಅಪ್ಪನ ಕಾಯಿದೆ. ಅಪ್ಪ ಮಳವಳ್ಳಿ ಕಡೆಯ ಹೊಲಗೇರಿಯಲ್ಲಿ ತಮಟೆ ಹೊಡೆಯುತ್ತಿದ್ದವನು. ಗಂಡುಮಕ್ಕಳಿಲ್ಲದ ಅವನು ಮಗಳ ಕೈಗೇ ಕೋಲು ಕೊಟ್ಟಿದ್ದ.

ತಿಂಗಳು ಕಳೆಯುವುದರೊಳಗೆ ಬಸ್ಸಿನ ಮಕ್ಕಳು ತಮಟೆಯ ವರಸೆಗಳಾದ ಸಾವಿನ ಹೆಜ್ಜೆ, ಮದುವೆ ಹೆಜ್ಜೆ, ಮಾರಿಹಬ್ಬದ ಹೆಜ್ಜೆ ಎಲ್ಲವನ್ನೂ ರೆಕ್ಸಿನ್ ಸೀಟಿನ ಮೇಲೆ ಹೊಡೆಯತೊಡಗಿದವು. ಯಾವುದು ಸಾವಿನದು, ಯಾವುದು ಮದುವೆಯದು ಎಂದು ಅವಕ್ಕೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೇ ಚೆನ್ನಾಗಿ ಹೊಡೆಯುತ್ತಿದ್ದವು.

"ಎಂತ ಅಕ್ಕ, ಇದು ಶಾಲೆ ಬಸ್ಸೋ, ಮದುವೆ ದಿಬ್ಬಣವೋ?" ಎಂದು ಡ್ರೈವರ್ ಹಂಝ ಕೇಳುತ್ತಿದ್ದ. ಉಪ್ಪಿನಂಗಡಿ ಕಡೆಯ ಬ್ಯಾರಿ. ಊರಿನಲ್ಲಿ ದಫ್ ಬಾರಿಸಿದವನು. ಸಿಗ್ನಲ್ಲಿನಲ್ಲಿ ನಿಂತಾಗ ಅವನೂ ಸ್ಟೀರಿಂಗಿಗೆ ಎರಡೇಟು ಹಾಕುತ್ತಿದ್ದ.

"ನೀನು ರಸ್ತೆ ನೋಡಪ್ಪ. ದಿಬ್ಬಣ ನಾನ್ ನೋಡ್ಕತೀನಿ," ಎನ್ನುತ್ತಿದ್ದಳು ಕಾಂತಾಮಣಿ.

ಬಸ್ಸಿನಲ್ಲಿ ಎಲ್ಲರಿಗಿಂತ ಜೋರಾಗಿ ಬಡಿಯುವವನು ಮೂರನೇ ಕ್ಲಾಸಿನ ಚಿರಾಗ್. ಅಲ್ ಥುಮಾಮಾದ ವಿಲ್ಲಾದ ಹುಡುಗ. ಅವನಿಗೆ ಒಂದು ದಿನ ಕೀಬೋರ್ಡು, ಒಂದು ದಿನ ಮೃದಂಗ, ಒಂದು ದಿನ ಹಾಡುಗಾರಿಕೆಯ ಪಾಠ. ಮೂರರಲ್ಲೂ ಫೇಲು. ಸೀಟು ಬಡಿಯುವುದರಲ್ಲಿ ಫಸ್ಟ್ ಕ್ಲಾಸು. ಅವನ ಅಮ್ಮ ರಶ್ಮಿತಾ ಮೈಸೂರಿನವಳು. ಇಲ್ಲಿಯ ಕನ್ನಡ ಸಂಘದ ಸಾಂಸ್ಕೃತಿಕ ಕಾರ್ಯದರ್ಶಿ. ಮಗ ಏನು ಹೊಡೆಯುತ್ತಿದ್ದಾನೆ ಎಂದು ಆಕೆಗೆ ಗೊತ್ತಿರಲಿಲ್ಲ. ಊಟದ ಟೇಬಲ್ಲಿಗೆ ಹೊಡೆದರೆ 'ರಿದಮ್ ಸೆನ್ಸ್ ಚೆನ್ನಾಗಿದೆ' ಎಂದು ಖುಷಿಪಡುತ್ತಿದ್ದಳಂತೆ. ಹೊಡೆಯುತ್ತಿದ್ದದ್ದು ಹೆಣದ ಮುಂದಿನ ಹೆಜ್ಜೆ.

*

ಫುಟ್‌ಬಾಲ್ ವಿಶ್ವಕಪ್ಪಿನ ವರ್ಷ. ದೋಹಾದ ಗೋಡೆಗೋಡೆಯಲ್ಲೂ ಚೆಂಡು. ರಸ್ತೆಗೆ ಹೊಸ ಡಾಂಬರು, ಕಂಬಕ್ಕೆ ಹೊಸ ಬಣ್ಣ. ಸಂಘದವರಿಗೂ ಉಮೇದು ಬಂತು. ರಾಜ್ಯೋತ್ಸವಕ್ಕೆ 'ಚಿಣ್ಣರ ನಾದ' ಎಂಬ ಕಾರ್ಯಕ್ರಮ ಮಾಡುತ್ತೇವೆ, ಒಂದರಿಂದ ಐದನೇ ಕ್ಲಾಸಿನ ಮಕ್ಕಳನ್ನೆಲ್ಲ ಹಾಡುವುದಕ್ಕೆ, ಬಾರಿಸುವುದಕ್ಕೆ ಹುರಿದುಂಬಿಸುತ್ತೇವೆ ಎಂದು ರಶ್ಮಿತಾ ಗ್ರೂಪಿನಲ್ಲಿ ಮೆಸೇಜು ಹಾಕಿದಳು. 'ಪ್ರತಿ ಮಗುವಿನಲ್ಲೂ ಒಬ್ಬ ಸಂಗೀತಗಾರ ಇದ್ದಾನೆ' ಎಂದು ಬರೆದಿದ್ದಳು. ಪ್ರತಿ ಮಗು ಎಂದರೆ ಯಾರ ಯಾರ ಮಗು ಎಂದು ಬರೆದಿರಲಿಲ್ಲ.

ಕಾಂತಾಮಣಿಯ ಮಗಳು ಗಗನಾ ನಾಲ್ಕನೇ ಕ್ಲಾಸು. ಅಮ್ಮ ಅದೇ ಶಾಲೆಯ ಆಯಾ ಆದ್ದರಿಂದ ಫೀಸಿನಲ್ಲಿ ರಿಯಾಯಿತಿ ಇತ್ತು. ಆ ರಿಯಾಯಿತಿಗಾಗಿಯೇ ಆ ಸೊಂಟ ಅಷ್ಟು ಸವೆಯುತ್ತಿದ್ದದ್ದು.

"ಅಮ್ಮ, ನಾನೂ ಸೆಲೆಕ್ಷನ್‌ಗೆ ಹೋಗ್ತೀನಿ. ಸ್ಟೇಜ್ ಮೇಲೆ ನುಡಿಸ್ತೀನಿ," ಎಂದಳು ಗಗನಾ.

"ಏನ್ ನುಡಿಸ್ತೀಯಾ?"

"ನಿಂದೇ. ಬಸ್ ಮ್ಯೂಸಿಕ್."

ಗಂಡ ತಿರುಮಲೇಶ್ ಮೆಸಯೀದಿನ ಪ್ಲಾಂಟಿನಲ್ಲಿ ಟೆಕ್ನಿಷಿಯನ್. ಅವನ ಮುಖ ಕಪ್ಪಿಟ್ಟಿತು. ಅದಕ್ಕೆ ಕಾರಣ ಇತ್ತು.

ಸಂಘದಲ್ಲಿ ಹೊಸಬರು ಸಿಕ್ಕರೆ ಮೊದಲು ಊರು ಕೇಳುತ್ತಾರೆ. ಆಮೇಲೆ ಬಡಾವಣೆ. ಆಮೇಲೆ ಪ್ಲೇಟಿಗೆ ಇನ್ನೊಂದು ಚಮಚ ಬಿಸಿಬೇಳೆಭಾತ್ ಹಾಕಿಸಿಕೊಳ್ಳುತ್ತಾ, "ಅಂದ್ಹಾಗೆ ನಿಮ್ಮ ಮನೆದೇವ್ರು ಯಾವುದು?" ಎನ್ನುತ್ತಾರೆ. ಜಾತಿ ಕೇಳುವುದು ಅನಾಗರಿಕ. ಅವರು ನಾಗರಿಕರು. ಆದ್ದರಿಂದ ದೇವರನ್ನು ಕೇಳುತ್ತಾರೆ. ತಿರುಮಲೇಶ್ ಹನ್ನೊಂದು ವರ್ಷದಿಂದ "ತಿರುಪತಿ ತಿಮ್ಮಪ್ಪ" ಎಂದು ಹೇಳಿಕೊಂಡು ಬಂದಿದ್ದ. ಹೆಸರೂ ಒಪ್ಪುತ್ತಿತ್ತು. ಮನೆಯ ನಿಜವಾದ ದೇವರು ಊರಾಚೆಯ ಹುಣಸೆಮರದ ಕೆಳಗಿನ ಒಂದು ಕಲ್ಲು. ಅದಕ್ಕೆ ಹೆಸರೂ ಇರಲಿಲ್ಲ. ಹಬ್ಬಕ್ಕೆ ಕೋಳಿ ಮಾತ್ರ ಕೇಳುತ್ತಿತ್ತು.

"ಅವಳು ಹಾಡೇ ಹೇಳ್ಲಿ. ಬಡಿಯೋದು ಬ್ಯಾಡ," ಎಂದ ತಿರುಮಲೇಶ್.

"ನಿಮ್ಮ ತಿಮ್ಮಪ್ಪಂಗೆ ಕೇಳ್ಸಲ್ಲ ಬುಡಿ, ಅವ್ನು ಬೆಟ್ಟದ ಮೇಲವ್ನೆ," ಎಂದಳು ಕಾಂತಾಮಣಿ.

ರಜೆಯ ಶುಕ್ರವಾರ ಅಲ್ ಥುಮಾಮಾದಲ್ಲಿ ರಶ್ಮಿತಾಳ ವಿಲ್ಲಾದ ಹಾಲಿನಲ್ಲಿ ಆಯ್ಕೆ. ಒಂದು ಮಗು ಕೀಬೋರ್ಡಿನಲ್ಲಿ ಯಾವುದೋ ಇಂಗ್ಲಿಷ್ ಪದ್ಯ ನುಡಿಸಿತು. ಒಂದು ಮಗು ಕಣ್ಣು ಮುಚ್ಚಿಕೊಂಡು ಗೀತೆ ಹಾಡಿತು, ಅರ್ಧದಲ್ಲಿ ಮರೆತು ಅತ್ತಿತು. ಗಗನಾ ಮನೆಯಿಂದ ತಂದ ಪ್ಲಾಸ್ಟಿಕ್ ಬುಟ್ಟಿಯನ್ನು ಬೋರಲು ಹಾಕಿಕೊಂಡು ಕೂತಳು. ಎರಡು ಮರದ ಸೌಟು ತೆಗೆದಳು. ಹೊಡೆದಳು.

ಹಾಲಿನಲ್ಲಿದ್ದ ಮಕ್ಕಳೆಲ್ಲ ಎದ್ದರು. ಅತ್ತ ಮಗುವೂ ಎದ್ದಿತು. ಚಿರಾಗ್ ಸೋಫಾ ಹತ್ತಿ ಕುಣಿದ. ಗಾಜಿನ ಬೀರುವಿನೊಳಗಿನ ಪಿಂಗಾಣಿ ಗಿಣಿಗಳು ನಡುಗಿದವು.

ರಶ್ಮಿತಾ ನಗುತ್ತಲೇ ಕೇಳಿದಳು. "ವಂಡರ್‌ಫುಲ್! ಎಲ್ಲಿ ಕಲ್ತೆ ಪುಟ್ಟಾ?"

"ಅಮ್ಮ ಹೇಳ್ಕೊಟ್ರು. ಅಮ್ಮಂಗೆ ತಾತ. ತಾತ ಯಾರಾದ್ರೂ ಸತ್ರೆ ಹೊಡೀತಿದ್ರು. ತಮಟೆ."

ಮಗು ನಿಜ ಹೇಳಿತು. ಅದಕ್ಕೆ ಯಾರೂ ಸುಳ್ಳು ಕಲಿಸಿರಲಿಲ್ಲ. ಸೋಫಾದ ತುದಿಯಲ್ಲಿ ಕೂತಿದ್ದ ತಿರುಮಲೇಶ್ ತನ್ನ ಶೂ ನೋಡಿಕೊಂಡ. ಎದುರಿಗಿದ್ದ ಹೆಂಗಸೊಬ್ಬಳು ತನ್ನ ಜ್ಯೂಸಿನ ಲೋಟವನ್ನು ಮೆಲ್ಲಗೆ ಅವನ ಲೋಟದಿಂದ ಎರಡು ಬೆರಳು ದೂರಕ್ಕೆ ಸರಿಸಿದಳು. ತಾನು ಸರಿಸಿದ್ದು ಅವಳಿಗೇ ಗೊತ್ತಾಗಿರಲಾರದು. ಅಷ್ಟು ಅಭ್ಯಾಸ.

ಹೊರಡುವಾಗ ರಶ್ಮಿತಾ ಬಾಗಿಲ ತನಕ ಬಂದಳು. "ತಪ್ಪು ತಿಳ್ಕೋಬೇಡಿ ಕಾಂತಾಮಣಿ. ನಾವು ಹಾಗೆಲ್ಲ ನೋಡೋರಲ್ಲ. ಆದ್ರೆ ಸಂಗೀತ ಬೇರೆ, ಸದ್ದು ಬೇರೆ ಅಲ್ವಾ? ಗಗನಾ ಸ್ವಾಗತಕ್ಕೆ ಹೂವಿನ ತಟ್ಟೆ ಹಿಡೀಲಿ. ಮುದ್ದಾಗಿ ಕಾಣ್ತಾಳೆ."

"ಹೂವಿನ ತಟ್ಟೆ ಬಡಿದ್ರೆ ಸದ್ದು ಬರಾಕಿಲ್ಲ, ಅದಕ್ಕಾ ಮೇಡಂ?" ಎಂದಳು ಕಾಂತಾಮಣಿ.

ರಶ್ಮಿತಾ ನಕ್ಕಳು. ಅಂಥವರಿಗೆ ಎಲ್ಲದಕ್ಕೂ ಒಂದು ನಗು ಇರುತ್ತದೆ.

ಮನೆಗೆ ಬಂದ ಮೇಲೆ ತಿರುಮಲೇಶ್ ಬುಟ್ಟಿಯನ್ನು ಒದ್ದ. ಅದು ಗೋಡೆಗೆ ಬಡಿದು ಚೆನ್ನಾಗಿಯೇ ಸದ್ದು ಮಾಡಿತು.

"ಹನ್ನೊಂದು ವರ್ಷ! ಒಂದು ಮಾತಲ್ಲಿ ಊರಾಚೆ ಹಾಕ್ಬುಟ್ಳು!"

"ಇಟ್ಸ್ ಟ್ರೂ ನೋ ಅಪ್ಪಾ?" ಗಗನಾ ಕೇಳಿದಳು. "ತಾತ ಹೊಡೀತಿದ್ರು ತಾನೇ?"

ತಿರುಮಲೇಶ್ ಬುಟ್ಟಿಯನ್ನು ಎತ್ತಿ ಮೂಲೆಗಿಟ್ಟ. ತಾತನ ಪಕ್ಕ ನಿಂತು ತಾನೂ ಹೊಡೆಯುತ್ತಿದ್ದೆ ಎಂದು ಮಗಳಿಗೆ ಅವನು ಎಂದೂ ಹೇಳಿರಲಿಲ್ಲ. ಮಾವನ ಗುಂಪಿನಲ್ಲಿ ಅವನಷ್ಟು ಬಿರುಸಿನ ಕೈ ಇನ್ನೊಂದಿರಲಿಲ್ಲ. ಆ ಕೈ ನೋಡಿಯೇ ಕಾಂತಾಮಣಿ ಅವನನ್ನು ಒಪ್ಪಿದ್ದು. ಮೂತಿ ನೋಡಿದ್ದರೆ ಒಪ್ಪುತ್ತಿರಲಿಲ್ಲ.

*

ಅಕ್ಟೋಬರಿನಲ್ಲಿ ಸಂಘದ ಅಧ್ಯಕ್ಷ ಎಡ್ವರ್ಡ್ ಸರ್ ತಾವಾಗಿ ಕಾಂತಾಮಣಿಯ ಮನೆಯ ಮೆಟ್ಟಿಲು ಹತ್ತಿದರು. ಉಡುಪಿ ಕಡೆಯವರು. ಅಕೌಂಟ್ಸ್‌ನಲ್ಲಿ ದೊಡ್ಡ ಹುದ್ದೆ. ಉಸ್ಸೆಂದು ಕುರ್ಚಿಯಲ್ಲಿ ಕುಸಿದರು.

"ನೋಡಮ್ಮ, ಮಲಯಾಳಿಗಳನ್ನು ವಿಶ್ವಕಪ್ಪಿನ ಫ್ಯಾನ್ ಝೋನಿಗೆ ಬಾರಿಸ್ಲಿಕ್ಕೆ ಕರ್ದಿದ್ದಾರೆ. ಚೆಂಡೆ ಉಂಟಲ್ಲ ಅವರ ಹತ್ರ! ತಂಡ ಆರಿಸುವ ಕಂಪನಿಯ ಮನುಷ್ಯ ನಮ್ಮ ರಾಜ್ಯೋತ್ಸವಕ್ಕೆ ಗೆಸ್ಟ್ ಆಗಿ ಬರ್ತಾನೆ. 'ನಿಮ್ಮಲ್ಲಿ ಎಂತ ಉಂಟು' ಅಂತ ಕೇಳಿದ. ನಮ್ಮಲ್ಲಿ ವೀಣೆ ಉಂಟು! ವೀಣೆ ಹಿಡ್ಕೊಂಡು ಸ್ಟೇಡಿಯಂ ಹೊರಗೆ ಎಂತ ಮಾಡ್ಲಿಕ್ಕೆ ಆಗ್ತದೆ?"

"ಚಾಪೆ ಹಾಸ್ಕಂಡು ಕೂರ್ಬೋದು," ಎಂದಳು ಕಾಂತಾಮಣಿ.

ಎಡ್ವರ್ಡ್ ಸರ್ ಬಾಯಿತುಂಬ ನಕ್ಕರು. "ನಮಗೆ ಶಬ್ದ ಬೇಕು. ನೀನು ಬಸ್ಸಿನ ಮಕ್ಕಳಿಗೆ ಕಲಿಸಿದ್ದಿಯಲ್ಲ, ಅದು. ಊರಿನ ಸಾಮಾನು ತರಿಸ್ತಾನಲ್ಲ ಮೂಸಬ್ಬ, ಅವನ ಅಂಗಡಿಯ ಕಾರ್ಗೋದಲ್ಲಿ ತಮಟೆ ತರಿಸುವ. ಮಕ್ಕಳೇ ಹೊಡೀಲಿ."

"ಸ್ಟೇಜ್ ಮೇಲಾ ಸರ್?"

ಎಡ್ವರ್ಡ್ ಸರ್ ಕಿಟಕಿ ನೋಡಿದರು. "ಅದು... ಕಮಿಟಿಯಲ್ಲಿ ಮಾತಾಯ್ತು. ಗೆಸ್ಟನ್ನು ಗೇಟಿನಿಂದ ಬಾರಿಸ್ತಾ ಕರ್ಕೊಂಡು ಬರುವುದು. ಹಾಲಿನ ಬಾಗಿಲ ತನಕ."

"ಬಾಗಿಲ ತನಕ."

"ಹೌದು, ಬಾಗಿಲ ತನಕ. ಒಳಗೆ ರಶ್ಮಿತಾಳ ಮಕ್ಕಳು ಹಾಡ್ತಾರೆ."

ಕಾಂತಾಮಣಿಗೆ ಈ ಬಾಗಿಲು ಗೊತ್ತಿತ್ತು. ಅವಳು ಮೂರನೇ ಕ್ಲಾಸಿನಲ್ಲಿದ್ದಾಗ ಆಗಸ್ಟ್ ಹದಿನೈದಕ್ಕೆ ಅಪ್ಪನನ್ನು ಕರೆಸಿದ್ದರು. ಊರೆಲ್ಲ ಸುತ್ತಿದ ಮೆರವಣಿಗೆಗೆ ಅಪ್ಪನ ತಮಟೆಯೇ ಮುಂದು. ಶಾಲೆಯ ಗೇಟು ಬಂದಿತು. ಹೆಡ್‌ಮೇಷ್ಟ್ರು ಕೈ ಎತ್ತಿದರು. ಅಪ್ಪ ಮೂರು ಪೆಟ್ಟು ಹಾಕಿ ನಿಲ್ಲಿಸಿದ. ತಮಟೆ ಗೇಟಿನ ಹೊರಗೆ, ಹಾರ್ಮೋನಿಯಂ ಗೇಟಿನ ಒಳಗೆ. "ಏಯ್ ಕಾಂತಾ, ನೀನು ಇಲ್ಲೇ ಕೂತು ಅದನ್ನ ಕಾಯಿ. ನಾಯಿಗೀಯಿ ಎಳ್ಕೊಂಡು ಹೋದಾವು," ಎಂದರು ಹೆಡ್‌ಮೇಷ್ಟ್ರು. ಅವಳು ಹಾಡಬೇಕಾಗಿದ್ದ ಹಾಡನ್ನು ಒಳಗೆ ಬೇರೆಯವರು ಹಾಡಿದರು. ಅವಳು ಹೊರಗೆ ಚರ್ಮ ಕಾದಳು. ಕೊನೆಗೆ ಒಂದು ಪೆಪ್ಪರ್‌ಮಿಂಟು ಮೇಲಿನಿಂದ ಅವಳ ಅಂಗೈಗೆ ಬಿತ್ತು.

ಅವಳ ನಾಲಗೆಯ ತುದಿಗೆ 'ಆಗಲ್ಲ' ಎಂಬುದು ಬಂದಿತ್ತು. ಆದರೆ ಬಾಗಿಲ ಮರೆಯಲ್ಲಿ ಗಗನಾ ನಿಂತಿದ್ದಳು. ಅವಳ ಬೆರಳು ಆಗಲೇ ಬಾಗಿಲಿಗೆ ತಾಳ ಹಾಕುತ್ತಿತ್ತು.

"ಆಯ್ತು ಸರ್. ಮಕ್ಕಳು ಹೊಡೀಲಿ," ಎಂದಳು.

ತಮಟೆಗಳು ಅವಲಕ್ಕಿ ಮೂಟೆಯ ಜೊತೆ ಬಂದವು. ರಶ್ಮಿತಾ ಒಮ್ಮೆ ಬಂದು ದೂರದಿಂದಲೇ ನೋಡಿ, "ಇದು ಯಾವುದರ ಚರ್ಮ?" ಎಂದು ಕೇಳಿದಳು.

"ನಿಮ್ಮ ಮೃದಂಗದ್ದು ಯಾವುದರದೋ ಅದರ ಚಿಕ್ಕಪ್ಪನ ಮಗಂದು," ಎಂದಳು ಕಾಂತಾಮಣಿ.

ಮೂಸಬ್ಬನ ಅಂಗಡಿಯ ಹಿಂದಿನ ಬಯಲಿನಲ್ಲಿ ಅಭ್ಯಾಸ. ಊರಿನಲ್ಲಾದರೆ ಹುಲ್ಲಿಗೆ ಬೆಂಕಿ ಹಾಕಿ ತಮಟೆಯ ಮುಖ ಕಾಯಿಸಬೇಕು. ಕಾಯದ ತಮಟೆ ಒದ್ದೆ ಬಟ್ಟೆಯ ಹಾಗೆ ಬೊದಬೊದ ಎನ್ನುತ್ತದೆ. ಇಲ್ಲಿ ಬೆಂಕಿಯ ಗೋಜೇ ಇರಲಿಲ್ಲ. ಹಂಝ ತನ್ನ ಪಿಕಪ್ಪಿನ ಬಾನೆಟ್ಟಿನ ಮೇಲೆ ಅವನ್ನು ಹಪ್ಪಳದ ಹಾಗೆ ಹರಡುತ್ತಿದ್ದ. "ಇದು ನಮ್ಮ ದಫ್ಫಿನ ದೊಡ್ಡಣ್ಣ ಮಾರಾಯ್ತಿ. ಕಾಯಿಸದಿದ್ರೆ ಕೂಗೂದೇ ಇಲ್ಲ," ಎನ್ನುತ್ತಿದ್ದ.

ಮಕ್ಕಳ ಹೆಗಲಿಗೆ ಹಗ್ಗ ಉಜ್ಜಿತು. ಅಂಗೈಯಲ್ಲಿ ಬೊಬ್ಬೆ ಬಂತು. ಬೊಬ್ಬೆ ತೋರಿಸಿಕೊಂಡು ಜಂಬಪಟ್ಟವು. ಚಿರಾಗ್‌ಗೆ ಇಲ್ಲಿಗೆ ಬರುವ ಪರವಾನಗಿ ಇರಲಿಲ್ಲ. ಅವನು ಒಳಗಿನ ಹಾಡಿನ ತಂಡ. ಬಸ್ಸಿನಲ್ಲಿ ಗಗನಾಳ ಅಂಗೈ ಹಿಡಿದು ಬೊಬ್ಬೆ ನೋಡಿ, "ಐ ವಾಂಟ್ ಒನ್," ಎಂದ.

*

ಕಾರ್ಯಕ್ರಮದ ದಿನ ತಿರುಮಲೇಶ್ ಕೋಟು ಟೈ ಹಾಕಿದ. "ನಾನು ಮೂರನೇ ಸಾಲಲ್ಲಿ ಕೂತಿರ್ತೀನಿ. ನನ್ನ ಕಡೆ ನೋಡ್ಬ್ಯಾಡ," ಎಂದ.

"ನೋಡೋ ಹಂಗೇನೂ ಇಲ್ಲ ಬುಡಿ," ಎಂದಳು ಅವಳು.

ಬಾಡಿಗೆಗೆ ಹಿಡಿದ ಹಾಲು. ಒಳಗೆ ರೇಷ್ಮೆ ಲಂಗದ ಮಕ್ಕಳು, ವೀಣೆ, ವಯಲಿನ್, ಮೃದಂಗ. ತಮಟೆ ಮಕ್ಕಳು ಒಳಗೆ ಕಾಲಿಡುವಷ್ಟರಲ್ಲಿ ರಶ್ಮಿತಾ ಎದುರಾದಳು.

"ಒಳಗೆ ಜಾಗ ಇಲ್ಲ ಕಾಂತಾಮಣಿ. ಮಕ್ಕಳನ್ನ ಗೇಟ್ ಹತ್ರಾನೇ ನಿಲ್ಲಿಸ್ಕೊಳ್ಳಿ. ಗೆಸ್ಟ್ ಇನ್ನೇನು ಬಂದ್ಬಿಡ್ತಾರೆ."

ಗೆಸ್ಟ್ ಬರಲಿಲ್ಲ. ಬಿಸಿಲು ಮಾತ್ರ ಬಂದಿತು. ನವೆಂಬರಾದರೂ ಆ ನೆಲದ ಮಧ್ಯಾಹ್ನಕ್ಕೆ ಕ್ಯಾಲೆಂಡರ್ ಓದಲು ಬರುವುದಿಲ್ಲ. ಮಕ್ಕಳು ಗೋಡೆಯ ಗೇಣುದ್ದದ ನೆರಳಿಗೆ ಬೆನ್ನು ಆನಿಸಿ ನಿಂತವು. ಹಂಝ ತಣ್ಣೀರಿನ ಡಬ್ಬ ತಂದು ಒಬ್ಬೊಬ್ಬರ ತಲೆಗೂ ಸುರಿದ. ಕಾಂತಾಮಣಿ ಎರಡು ಸಲ ಬಾಗಿಲಿಗೆ ಹೋಗಿ ಕೇಳಿದಳು. ಎರಡು ಸಲವೂ "ಇನ್ನೈದು ನಿಮಿಷ". ಬಾಗಿಲು ತೆರೆದಾಗಲೆಲ್ಲ ಒಳಗಿನ ಎ.ಸಿ. ಗಾಳಿ ಅವಳ ಮುಖಕ್ಕೆ ಹೊಡೆಯಿತು. ಒಳಗೆ ಯಾರೋ ವೀಣೆಯ ಕಿವಿ ಹಿಂಡುತ್ತಿದ್ದರು. ಥಂಡಿಗೆ ತಂತಿ ಮಾತು ಕೇಳುತ್ತಿರಲಿಲ್ಲ.

ಮಕ್ಕಳನ್ನು ಬಿಸಿಲಿನಲ್ಲಿ ನಿಲ್ಲಿಸಿದವರಿಗೆ ಒಂದು ಸಂಗತಿ ಹೊಳೆಯಲಿಲ್ಲ. ಬಿಸಿಲು ಕುಡಿದು ಕುಡಿದು ಆ ತಮಟೆಗಳು ತಾಮ್ರದ ಹಂಡೆಯ ಹಾಗೆ ಬಿಗಿದುಕೊಂಡವು. ಗಗನಾ ಉಗುರಿನಿಂದ ಒಂದನ್ನು ಮುಟ್ಟಿದಳು. ಟಣ್ ಎಂದಿತು.

ಕೊನೆಗೆ ಕಾರು ಬಂದಿತು. ಕಾಂತಾಮಣಿ ಕೋಲೆತ್ತಿದಳು.

ಮೊದಲ ಪೆಟ್ಟಿಗೆ ಗೇಟಿನ ಮೇಲಿದ್ದ ಪಾರಿವಾಳಗಳು ಒಟ್ಟಿಗೆ ಹಾರಿದವು. ಗೆಸ್ಟು ಕಾರಿನಿಂದ ಇಳಿಯುತ್ತಿದ್ದವನು ಒಂದು ಕಾಲು ಹೊರಗಿಟ್ಟು ಹಾಗೆಯೇ ನಿಂತ. ಎಡ್ವರ್ಡ್ ಸರ್ ಮುಖ ಹಿಗ್ಗಿತು. "ಬರ್ಲಿ, ಬರ್ಲಿ, ಮಲಯಾಳಿಗಳು ಕೇಳ್ಬೇಕು!" ಎಂದು ಕೂಗಿದರು. ಮಕ್ಕಳು ಹೊಡೆಯುತ್ತಾ, ಕುಪ್ಪಳಿಸುತ್ತಾ, ಬೆವರು ಹಾರಿಸುತ್ತಾ ನಡೆದವು. ಬಿಸಿಲಿನಲ್ಲಿ ನಿಂತ ಸಿಟ್ಟೆಲ್ಲ ಕೈಗೆ ಇಳಿದಿತ್ತು.

ಹಾಲಿನ ಬಾಗಿಲು ಬಂದಿತು.

ಬಾಗಿಲ ಪಕ್ಕ ಒಂದು ಮೇಜು ಇಟ್ಟಿದ್ದರು. ಮೇಲೆ ಹಳೇ ಪೇಪರು ಹಾಸಿತ್ತು. ಪಕ್ಕದಲ್ಲಿ ಕೈ ತೊಳೆಯುವ ಔಷಧಿಯ ದೊಡ್ಡ ಬಾಟಲಿ. ರಶ್ಮಿತಾ ಸೆರಗು ಸರಿಮಾಡಿಕೊಂಡು ಅವಳ ಕಿವಿಯ ಹತ್ತಿರ ಬಾಗಿದಳು.

"ಸೂಪರ್, ಕಾಂತಾಮಣಿ. ಈಗ ನಿಲ್ಲಿಸಿ. ಇವನ್ನೆಲ್ಲ ಇಲ್ಲಿ ಇಟ್ಟು, ಮಕ್ಕಳು ಕೈ ತೊಳ್ಕೊಂಡು ಒಳಗೆ ಬರಲಿ."

"ಕೈ ಯಾಕೆ?"

"ಚರ್ಮ ಮುಟ್ಟಿದಾರಲ್ಲ. ಹೈಜೀನ್ ಅಷ್ಟೇ."

ಕಾಂತಾಮಣಿ ಒಳಗೆ ನೋಡಿದಳು. ವೇದಿಕೆಯ ಮೇಲೆ ಮೃದಂಗದ ಹುಡುಗ ಚರ್ಮಕ್ಕೆ ರವೆ ಮೆತ್ತುತ್ತಿದ್ದ. ಅವನ ಪಕ್ಕ ಬಾಟಲಿ ಇರಲಿಲ್ಲ.

ಬಾಟಲಿ ನೋಡಿದಳು. ತುಂಬ ಇತ್ತು. ಇಷ್ಟು ಮಕ್ಕಳಿಗೂ ಸಾಕಾಗುತ್ತದೆ ಎಂದು ಯಾರೋ ಲೆಕ್ಕ ಹಾಕಿ ತಂದಿದ್ದರು. ಮಕ್ಕಳ ಕಣ್ಣೆಲ್ಲ ಅವಳ ಕೋಲಿನ ಮೇಲಿತ್ತು. ಮೂರು ಪೆಟ್ಟು ಬೀಳಬೇಕು. ಬಿದ್ದರೆ ನಿಲ್ಲಿಸುತ್ತವೆ. ಒಳ್ಳೆಯ ಮಕ್ಕಳು. ಹೇಳಿದ ಮಾತು ಕೇಳುತ್ತವೆ. ಸಾಲಾಗಿ ನಿಂತು ತಮಟೆ ಇಡುತ್ತವೆ, ಸಾಲಾಗಿ ಕೈ ಚಾಚುತ್ತವೆ, ತಮ್ಮ ಕೈಗೆ ಏನಾಗಿದೆ ಎಂದು ಮನೆಗೆ ಹೋಗಿ ಮೂಸಿ ನೋಡಿಕೊಳ್ಳುತ್ತವೆ. ಒಂದು ಸಲ ಮೂಸಿ ನೋಡಿಕೊಂಡರೆ ಮುಗಿಯಿತು, ಸಾಯುವ ತನಕ ಮೂಸಿಕೊಳ್ಳುತ್ತಿರುತ್ತವೆ. ಅವಳಿಗೆ ಗೊತ್ತಿತ್ತು.

ಅವಳು ಎರಡು ಕೋಲನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಿಲ್ಲಿಸಿ ಅಂದೆ!" ರಶ್ಮಿತಾ ಹಲ್ಲು ಕಚ್ಚಿದಳು.

"ನಾನೆಲ್ಲಿ ಹೊಡೀತಿದೀನಿ ಮೇಡಂ? ನಾನು ಆಗ್ಲೇ ನಿಲ್ಲಿಸ್ದೆ."

ಮಕ್ಕಳು ನಿಲ್ಲಿಸಲಿಲ್ಲ. ಮೂರು ಪೆಟ್ಟು ಬಿದ್ದಿರಲಿಲ್ಲ. ಗಗನಾ ಅಮ್ಮನ ಮುಖ ನೋಡಿದಳು, ಬಾಗಿಲು ನೋಡಿದಳು. ಬಾಗಿಲು ತೆರೆದಿತ್ತು. ತೆರೆದ ಬಾಗಿಲಿನಲ್ಲಿ ಮಕ್ಕಳು ಏನು ಮಾಡುತ್ತವೋ ಅದನ್ನೇ ಮಾಡಿದವು.

ಒಳಗೆ ಹೋದ ಸದ್ದು ನಾಲ್ಕು ಗೋಡೆಗೆ ಬಡಿದು ನಾಲ್ಕರಷ್ಟಾಯಿತು. ಮೊದಲ ಸಾಲಿನ ಗಣ್ಯರು ಕಿವಿ ಮುಚ್ಚಿಕೊಂಡರು. ಒಬ್ಬರ ಹಲ್ಲುಸೆಟ್ಟು ಸಡಿಲವಾಯಿತೆಂದು ಆಮೇಲೆ ಸುದ್ದಿ. ಮಕ್ಕಳು ನಡುದಾರಿಯಲ್ಲಿ ಕುಣಿಯುತ್ತಾ ಹೋಗಿ ವೇದಿಕೆ ಹತ್ತಿದವು. ಹಾಡಿನ ತಂಡದ ಸಾಲಿನಿಂದ ಚಿರಾಗ್ ರೇಷ್ಮೆ ಪಂಚೆ ಮೇಲೆತ್ತಿ ಕಟ್ಟಿಕೊಂಡು ಎದ್ದ. ಗಗನಾ ತನ್ನ ತಮಟೆಯ ಹಗ್ಗವನ್ನು ಅವನ ಕೊರಳಿಗೆ ಹಾಕಿ ಕೋಲು ಕೊಟ್ಟಳು. ಅವನು ಹೊಡೆದ. ಊಟದ ಟೇಬಲ್ಲಿನ ಮೇಲೆ ಹೊಡೆಯುತ್ತಿದ್ದ ಅದೇ ಹೆಜ್ಜೆ. ಅವನಮ್ಮನಿಗೆ ಈಗ ಅರ್ಥವಾಯಿತು.

"ಮೈಕ್ ಆಫ್ ಮಾಡಿ! ಆಫ್ ಮಾಡಿ!"

ಮೈಕ್ ಆಫ್ ಮಾಡಿದರು. ತಮಟೆಗೆ ಯಾವ ಕಾಲದಲ್ಲೂ ಮೈಕ್ ಇರಲಿಲ್ಲ. ಲೈಟ್ ಆರಿಸಿದರು. ಮಕ್ಕಳಿಗೆ ಇನ್ನೂ ಖುಷಿಯಾಯಿತು. ಮತ್ತೆ ಹಾಕಿದರು.

ರಶ್ಮಿತಾ ಮೂರನೇ ಸಾಲಿಗೆ ಓಡಿದಳು. "ತಿರುಮಲೇಶ್ ಅವರೇ, ನೀವು ವಿದ್ಯಾವಂತರು. ನೀವಾದ್ರೂ ಹೋಗಿ ನಿಲ್ಲಿಸಿ. ಪ್ಲೀಸ್."

ತಿರುಮಲೇಶ್ ತಲೆ ತಗ್ಗಿಸಿ ಕೂತಿದ್ದ. ಆದರೆ ಅವನ ಬಲಗಾಲಿನ ಶೂ ಆಗಿನಿಂದಲೂ ನೆಲಕ್ಕೆ ಕುಟ್ಟುತ್ತಿತ್ತು. ಪಕ್ಕದಲ್ಲಿ ಕೂತವರು ಅದನ್ನು ನೋಡುತ್ತಿದ್ದರು. ಅವನು ಎದ್ದ. ಟೈ ಕಿತ್ತ. ಕೋಟು ಬಿಚ್ಚಿದ. ಯಾರ ಕೈಗೆ ಕೊಡುವುದೆಂದು ಆ ಕಡೆ ಈ ಕಡೆ ನೋಡಿ ರಶ್ಮಿತಾಳ ಕೈಗೇ ಕೊಟ್ಟ. ಅವಳು ಹಿಡಿದುಕೊಂಡಳು. ತಾನು ಹಿಡಿದುಕೊಂಡಿದ್ದೇನೆ ಎಂಬುದು ಆಕೆಗೂ ತಿಳಿಯಲಿಲ್ಲ.

ಅವನು ವೇದಿಕೆ ಹತ್ತಿದ. ನಿಲ್ಲಿಸುತ್ತಾನೆ ಎಂದು ಎಲ್ಲರೂ ಉಸಿರು ಬಿಟ್ಟರು. ದಣಿದ ಒಂದು ಮಗುವಿನಿಂದ ತಮಟೆ ತೆಗೆದುಕೊಂಡ. ಎಡತೋಳಿನ ಸಂದಿಗೆ ಸಿಕ್ಕಿಸಿಕೊಂಡ. ಹನ್ನೊಂದು ವರ್ಷ ಸುಮ್ಮನಿದ್ದ ಕೈ. ಮೊದಲ ಎರಡು ಪೆಟ್ಟು ತಪ್ಪಿದವು. ಮೂರನೆಯದು ತಪ್ಪಲಿಲ್ಲ.

ಗಗನಾ ಬಾಯಿ ಬಿಟ್ಟು ಅಪ್ಪನನ್ನು ನೋಡಿದಳು. "ಅಪ್ಪಾ! ಯು ನೋ ದಿಸ್?"

"ನಿಮ್ಮವ್ವಂಗಿಂತ ಚೆನ್ನಾಗಿ," ಎಂದು ಅವನು ಸದ್ದಿನ ನಡುವೆ ಕೂಗಿದ. ಬಾಗಿಲಿನಲ್ಲಿ ನಿಂತಿದ್ದ ಕಾಂತಾಮಣಿಗೆ ಅದು ಕೇಳಿಸಿತು. ಸುಳ್ಳು. ಆದರೆ ಆ ಹೊತ್ತಿಗೆ ಬಿಟ್ಟುಕೊಟ್ಟಳು.

ಗೆಸ್ಟು ಮೊಬೈಲ್ ತೆಗೆದು ವಿಡಿಯೋ ಮಾಡಿದ. ಅವನಿಗೆ ಏನೆನ್ನಿಸಿತೋ ಯಾರಿಗೂ ಗೊತ್ತಿಲ್ಲ. ಅವಳಿಗೆ ಬೇಕೂ ಇರಲಿಲ್ಲ. ಕೊನೆಗೆ ಅದನ್ನು ಯಾರೂ ನಿಲ್ಲಿಸಲಿಲ್ಲ. ಹೊರಗೆ ಊಟದ ಪಾತ್ರೆಯ ಮುಚ್ಚಳ ತೆರೆದರು. ವಾಸನೆಗೆ ಮಕ್ಕಳು ಒಬ್ಬೊಬ್ಬರಾಗಿ ಜಾರಿದರು. ಕೈ ತೊಳೆಯದೇ ಉಂಡರು.

*

ಆ ದೇಶದಲ್ಲಿ ವಾರ ಶುರುವಾಗುವುದು ಭಾನುವಾರ. ಅಂದು ಶಾಲೆ. ಸಾರಿಗೆ ನೋಡಿಕೊಳ್ಳುವ ಜೇಕಬ್ ಬಸ್ಸಿನ ಬಾಗಿಲಲ್ಲಿ ಕಾಯುತ್ತಿದ್ದ.

"ಪೇರೆಂಟ್ ಕಂಪ್ಲೇಂಟ್ 'ಹೈ ಲೆವೆಲ್'ನಿಂದ ಬಂದಿದೆ. ನೋ ಸೌಂಡ್ ಇನ್ ಬಸ್. ಇನ್ನೊಂದ್ ಸಲ ಬಡಿದ ಸದ್ದು ಕೇಳಿದ್ರೆ ಖಲಾಸ್. ಜಾಬ್ ಮಾಫಿ, ಇರಲ್ಲ. ಮಗಳ ಕನ್ಸೆಷನ್ ಮಾಫಿ. ಸಮಝಾ?"

"ಮಗು ಮಲಗಿದ್ರೆ ಹೆಂಗೆ ಗೊತ್ತಾಯ್ತದೆ ಸಾರ್?"

"ಕಣ್ಣಿದೆಯಲ್ಲ. ನೋಡು."

ಆ ಮಧ್ಯಾಹ್ನ ಬಸ್ಸು ಹೆಣದ ಗಾಡಿಯ ಹಾಗೆ ಹೊರಟಿತು. ಹೆಣದ ಗಾಡಿಗಾದರೂ ಮುಂದೆ ತಮಟೆ ಇರುತ್ತದೆ. ಮಕ್ಕಳು ಕೈ ಕಟ್ಟಿ ಕೂತವು. ಒಂದೊಂದಾಗಿ ತಲೆ ವಾಲಿತು. ಕಾಂತಾಮಣಿ ಸೊಂಟ ಬಗ್ಗಿಸಿ, ಕೈಯೂರಿ, ಒಂದೊಂದು ಸೀಟಿನ ಕೆಳಗೂ ನೋಡುತ್ತಾ ಹಿಂದಕ್ಕೆ ಹೋಗುತ್ತಿದ್ದಳು. ಹಂಝ ಕನ್ನಡಿಯಲ್ಲಿ ಅವಳನ್ನು ನೋಡುತ್ತಿದ್ದ.

ಅಲ್ ಥುಮಾಮಾ ಹತ್ತಿರ ಬಂದಾಗ ಒಂದು ಸೀಟು ಖಾಲಿ ಕಂಡಿತು. ಚಿರಾಗ್‌ನದು. ಮೊಣಕಾಲೂರಿ ಬಗ್ಗಿ ನೋಡಿದಳು. ಕೊನೆಯ ಸೀಟಿನ ಕೆಳಗೆ, ಬ್ಯಾಗುಗಳ ಹಿಂದೆ, ಮೂಲೆಯಲ್ಲಿ ಮುದುಡಿ ಮಲಗಿದ್ದ. ಕೆನ್ನೆಯೆಲ್ಲ ಕೆಂಪು. ತಲೆಗೂದಲು ಒದ್ದೆ. ಎಳೆದು ಹೊರಗೆ ತಂದು ಮಡಿಲಲ್ಲಿ ಕೂರಿಸಿಕೊಂಡು ನೀರು ಕುಡಿಸಿದಳು.

ಚಿರಾಗ್ ಕಣ್ಣುಜ್ಜಿಕೊಂಡ. ಮೌನವಾಗಿದ್ದ ಬಸ್ಸನ್ನು ವಿಚಿತ್ರವಾಗಿ ನೋಡಿದ.

"ಆಂಟಿ, ವೈ ನೋಬಡಿ ಬಡಿತಾ ಇಲ್ಲ?"

"ಸಾಕು ಅಂದವ್ರೆ ಕಂದಾ. ಮುಗೀತು."

ಅವನು ಮೂರು ಬೆರಳು ಎತ್ತಿ ತೋರಿಸಿದ.

"ಬಟ್ ಆ ಡೇ ನೀವು ಮೂರು ಪೆಟ್ಟು ಹಾಕ್ಲೇ ಇಲ್ಲ. ಸೋ ಇಟ್ಸ್ ನಾಟ್ ಖಲಾಸ್, ರೈಟ್?"

ಹಂಝ ಕನ್ನಡಿಯಲ್ಲಿ ಅವಳನ್ನೇ ನೋಡಿದ. ಒಂದು ಬೆರಳಿನಿಂದ ಸ್ಟೀರಿಂಗಿಗೆ ಮೆಲ್ಲಗೆ ಒಂದೇಟು ಹಾಕಿದ. "ಎಂತ ಅಕ್ಕ?"

ಕಾಂತಾಮಣಿ ಎದ್ದಳು. ಸೊಂಟ ಹಿಡಿದುಕೊಂಡು ಮುಂದಿನ ಕಂಬದ ತನಕ ನಡೆದಳು. ಮಕ್ಕಳ ತಲೆಗಳು ಒಂದೊಂದಾಗಿ ಎದ್ದವು. ಬಳೆಯಿಂದ ಕಂಬಕ್ಕೆ ಹೊಡೆದಳು.

ಮೊದಲ ಸೀಟು ಉತ್ತರ ಕೊಟ್ಟಿತು. ಎರಡನೆಯದು. ಮೂರನೆಯದು. ಕೊನೆಯ ಸೀಟಿನಿಂದ ಚಿರಾಗ್ ಎಲ್ಲರಿಗಿಂತ ಜೋರಾಗಿ.

ವಿಲ್ಲಾದ ಗೇಟಿನಲ್ಲಿ ರಶ್ಮಿತಾ ಕೊಡೆ ಹಿಡಿದು ನಿಂತಿದ್ದಳು. ಬಸ್ಸು ಇನ್ನೂ ತಿರುವಿನಲ್ಲಿರುವಾಗಲೇ ಅವಳಿಗೆ ಸದ್ದು ಕೇಳಿಸಿತು. ಬಸ್ಸು ಬಂದು ನಿಂತಿತು. ಕಾಂತಾಮಣಿ ಬಾಗಿಲು ಪೂರಾ ತೆರೆದಳು. ಮೂರು ಪೆಟ್ಟು ಹಾಕಲಿಲ್ಲ.